ನಳಂದಾಕ್ಕೆ ಓದಲು ಹೊರಟವರಿಗೆ ಕೈಪಿಡಿ

ಓದುವ ಮುನ್ನ

ತಾಂಗ್ ದೊರೆಗಳ ಚೀನಾದಿಂದ ಮಗಧದ ನಳಂದಾ ಮಹಾವಿಹಾರಕ್ಕೆ ಬೌದ್ಧಶಾಸ್ತ್ರ ಕಲಿಯಲು ಹೊರಟ ಭಿಕ್ಷುಗಳಿಗಾಗಿ ಈ ಕೈಪಿಡಿ. ಹೊರಡುವ ಮೊದಲು ಪೂರ್ತಿ ಓದಿ. ಓದಿದ ಮೇಲೂ ಹೊರಡಬೇಕೆನಿಸಿದರೆ ಇನ್ನೊಮ್ಮೆ ಓದಿ.

ಇಲ್ಲಿರುವ ಸೂಚನೆಗಳನ್ನೆಲ್ಲ ನಿಮ್ಮ ಹಿರಿಯ ವಿದ್ಯಾರ್ಥಿಗಳಿಬ್ಬರು ತಮ್ಮ ಮೈಮೇಲೇ ಪ್ರಯೋಗ ಮಾಡಿ ನೋಡಿದ್ದಾರೆ. ಒಬ್ಬರು ಹ್ಯುಯೆನ್ ತ್ಸಾಂಗ್. 629ರಲ್ಲಿ ಕಾಲುದಾರಿ ಹಿಡಿದು ಹೋದವರು. ಹೊರಟದ್ದು 627ರಲ್ಲೇ ಎನ್ನುವ ವಿದ್ವಾಂಸರೂ ಇದ್ದಾರೆ. ಕದ್ದು ಹೊರಟವರ ತಾರೀಖಿಗೆ ಇಷ್ಟು ಗೊಂದಲ ಸಹಜ. ಇನ್ನೊಬ್ಬರು ಇತ್ಸಿಂಗ್, 671ರಲ್ಲಿ ಹಡಗು ಹತ್ತಿದವರು. ಇಬ್ಬರೂ ಜೀವಸಹಿತ ಹಿಂತಿರುಗಿದರು. ಎಲ್ಲರೂ ಹಿಂತಿರುಗುವುದಿಲ್ಲ. ಹಾಗೆ ಹೋದ ಐವತ್ತಕ್ಕೂ ಹೆಚ್ಚು ಭಿಕ್ಷುಗಳ ಕಥೆಯನ್ನು ಇತ್ಸಿಂಗ್ ಬರೆದಿಟ್ಟಿದ್ದಾರೆ. ಅದರಲ್ಲಿ ಅನೇಕರ ಕಥೆ ದಾರಿಯಲ್ಲೇ ಮುಗಿಯುತ್ತದೆ.

ಅಗತ್ಯವಿದ್ದ ಕಡೆ ಅಪಾಯದ ಮಟ್ಟವನ್ನು ನಮೂದಿಸಲಾಗಿದೆ. ಅದನ್ನು ಕಡೆಗಣಿಸಬೇಡಿ.

ಅರ್ಹತೆ

ಸಂಸ್ಕೃತ ಬರಬೇಕೆಂದಿಲ್ಲ. ಹಣ ಇರಬೇಕೆಂದಿಲ್ಲ. ದಾರಿ ಗೊತ್ತಿರಬೇಕೆಂದಂತೂ ಇಲ್ಲವೇ ಇಲ್ಲ. ಆದರೆ ನಿಮ್ಮ ಊರಿನ ಯಾವ ಗುರುವಿಗೂ ಬಗೆಹರಿಸಲಾಗದ ಸಂದೇಹವೊಂದು ನಿಮ್ಮಲ್ಲಿರಬೇಕು.

ಹ್ಯುಯೆನ್ ತ್ಸಾಂಗರಿಗೆ ಅದು ಇತ್ತು. ಚೀನಾದ ಗುರುಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಗ್ರಂಥ ತೆಗೆದು ನೋಡಿದರೆ ಅನುವಾದಗಳೂ ಪರಸ್ಪರ ಜಗಳವಾಡುತ್ತಿದ್ದವು. ಯೋಗಾಚಾರಭೂಮಿ ಶಾಸ್ತ್ರವನ್ನು ಮೂಲದಲ್ಲೇ, ಬಲ್ಲವರ ಬಾಯಿಂದಲೇ ಕೇಳಬೇಕೆಂಬುದು ಅವರ ಹಟ. ಪುಣ್ಯಕ್ಷೇತ್ರ ನೋಡಿದ ಹಾಗೂ ಆಗುತ್ತದೆ, ಊರಿಗೆ ಬಂದರೆ ಮರ್ಯಾದೆಯೂ ಸಿಗುತ್ತದೆ ಎಂಬ ಲೆಕ್ಕ ನಿಮ್ಮದಾಗಿದ್ದರೆ ಹತ್ತಿರದ ಬೆಟ್ಟದ ಗುಡಿಗೆ ಹೋಗಿಬನ್ನಿ. ಮರ್ಯಾದೆ ಅಲ್ಲೂ ಸಿಗುತ್ತದೆ, ಪ್ರಸಾದವೂ ಸಿಗುತ್ತದೆ.

ಹಂತ 1: ಅನುಮತಿ ಪಡೆಯದಿರುವುದು

ಗಡಿ ದಾಟಲು ಅರಮನೆಗೆ ಅರ್ಜಿ ಹಾಕಿ. ತಿರಸ್ಕೃತವಾಗುತ್ತದೆ. ಕಾರಣ ಸರಳ: ರಾಜವಂಶ ಹೊಸದು, ಗಡಿಯಾಚೆ ತುರ್ಕರ ಭಯ, ಪ್ರಜೆಗಳು ಪಶ್ಚಿಮಕ್ಕೆ ಹೋಗಕೂಡದೆಂದು ಆಜ್ಞೆಯಾಗಿದೆ. ನಿಮ್ಮ ಜೊತೆ ಸಹಿ ಹಾಕಿದ ಗೆಳೆಯರು ಈ ಘಟ್ಟದಲ್ಲಿ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಅವರನ್ನು ಬಯ್ಯಬೇಡಿ. ಅರ್ಜಿ ಹಾಕಿದ್ದನ್ನು ಮಾತ್ರ ನೆನಪಿನಲ್ಲಿಡಿ. ಹದಿನಾರು ವರ್ಷದ ಮೇಲೆ ಬೇಕಾಗುತ್ತದೆ.

ಈಗ ರಾತ್ರಿ ನಡೆಯಿರಿ, ಹಗಲು ಅಡಗಿರಿ. ಲಿಯಾಂಗ್‌ಝೌ ಪಟ್ಟಣದ ಅಧಿಕಾರಿ ನಿಮ್ಮನ್ನು ಹಿಂದಕ್ಕೆ ಕಳಿಸಲು ಹೇಳುತ್ತಾನೆ. ಅಲ್ಲಿನ ಹಿರಿಯ ಭಿಕ್ಷು ಗುಟ್ಟಾಗಿ ಇಬ್ಬರು ಶಿಷ್ಯರನ್ನು ಜೊತೆಮಾಡಿ ಮುಂದಕ್ಕೆ ಕಳಿಸುತ್ತಾನೆ. ಗುವಾಝೌ ತಲುಪುವ ಹೊತ್ತಿಗೆ ನಿಮ್ಮನ್ನು ಹಿಡಿಯಲು ವಾರಂಟು ಬಂದಿರುತ್ತದೆ. ಅದನ್ನು ಹಿಡಿದು ಬಂದ ಅಧಿಕಾರಿ ನಿಮ್ಮೆದುರು ಓದುತ್ತಾನೆ, ನೀವು ನಿಜ ಹೇಳಿದರೆ ನಿಮ್ಮೆದುರೇ ಹರಿದುಹಾಕಿ, 'ಬೇಗ ಹೊರಡಿ' ಎನ್ನುತ್ತಾನೆ. ಸರ್ಕಾರ ಬೇಡವೆನ್ನುತ್ತದೆ, ಸರ್ಕಾರದ ನೌಕರ ಹೋಗಿಬನ್ನಿ ಎನ್ನುತ್ತಾನೆ. ಇವೆರಡರ ನಡುವಿನ ಸಂದಿಯೇ ನಿಮ್ಮ ಪಾಸ್‌ಪೋರ್ಟು.

ಅಪಾಯದ ಮಟ್ಟ: ಕಡಿಮೆ.

ಹಂತ 2: ಕುದುರೆ ಮತ್ತು ಮರುಭೂಮಿ

ಒಳ್ಳೆಯ ಕುದುರೆ ಕೊಳ್ಳಬೇಡಿ. ಮುದುಕನೊಬ್ಬ ಬಂದು, ತನ್ನ ಬಡಕಲು ಮುದಿ ಕುದುರೆ ಮರುಭೂಮಿಯಾಚೆಯ ಹಾಮಿಗೆ ಹದಿನೈದು ಸಲ ಹೋಗಿಬಂದಿದೆ ಎಂದರೆ ನಿಮ್ಮದನ್ನು ಅವನಿಗೆ ಕೊಟ್ಟು ಅದನ್ನು ತೆಗೆದುಕೊಳ್ಳಿ. ಮಾರ್ಗದರ್ಶಿಯನ್ನು ಅಷ್ಟೊಂದು ನಂಬಬೇಡಿ. ಹ್ಯುಯೆನ್ ತ್ಸಾಂಗರ ಮಾರ್ಗದರ್ಶಿ ಮೊದಲ ದಿನ ಭಕ್ತಿಯಿಂದ ಕೈಮುಗಿದ, ರಾತ್ರಿ ಕತ್ತಿ ಹಿರಿದು ಹತ್ತಿರ ಬಂದ. ಎದ್ದು ಕೂತು ಜಪ ಮಾಡಿದರೆ ಆತ ಹೋಗಿ ಮಲಗುತ್ತಾನೆ. ಬೆಳಗ್ಗೆ ಮರ್ಯಾದೆಯಿಂದ ಬೀಳ್ಕೊಡಿ.

ಮುಂದೆ ಐದು ಕಾವಲುಗೋಪುರಗಳು. ಮೊದಲನೆಯದರ ಬಳಿ ಕದ್ದು ನೀರು ತುಂಬಿಕೊಳ್ಳುವಾಗ ಬಾಣವೊಂದು ಮೊಣಕಾಲು ಸವರಿಕೊಂಡು ಹೋಗುತ್ತದೆ. ಆಗ ಓಡಬೇಡಿ, 'ರಾಜಧಾನಿಯಿಂದ ಬಂದ ಭಿಕ್ಷು' ಎಂದು ಕೂಗಿ ಹೇಳಿ. ಬಾಣ ಬಿಡಿಸಿದ ದಳಪತಿಯೇ ನಿಮ್ಮನ್ನು ಒಳಗೆ ಕರೆದು ಉಣಬಡಿಸುತ್ತಾನೆ. 'ಅಷ್ಟು ದೂರ ಯಾಕೆ? ದುನ್‌ಹುವಾಂಗಿನಲ್ಲಿ ಒಳ್ಳೆಯ ಗುರುಗಳಿದ್ದಾರೆ, ಅಲ್ಲೇ ಓದಿ' ಎಂದು ಸಲಹೆ ಕೊಡುತ್ತಾನೆ. ಈ ಸಲಹೆಯನ್ನು ಗಮನಿಸಿಕೊಳ್ಳಿ. ಮುಂದೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ.

ಗೋಪುರಗಳಾಚೆ ಮರಳು. ನೀರಿನ ಚೀಲವನ್ನು ಎರಡು ಕೈಯಲ್ಲಿ ಹಿಡಿಯಿರಿ. ಹ್ಯುಯೆನ್ ತ್ಸಾಂಗರ ಕೈಯಿಂದ ಅದು ಜಾರಿ ಅಷ್ಟೂ ನೀರು ಚೆಲ್ಲಿಹೋಯಿತು. ಹಿಂದಕ್ಕೆ ಹತ್ತು ಲೀ (ಚೀನೀ ಅಳತೆ) ದೂರ ನಡೆದು, ಪೂರ್ವಕ್ಕೆ ತಿರುಗಿ ಬದುಕುವುದಕ್ಕಿಂತ ಪಶ್ಚಿಮಕ್ಕೆ ಹೋಗಿ ಸಾಯುವುದೇ ಮೇಲೆಂದು ಮತ್ತೆ ಮುಖ ತಿರುಗಿಸಿದರು. ನಾಲ್ಕು ರಾತ್ರಿ ಐದು ಹಗಲು ಹನಿ ನೀರಿಲ್ಲ. ಐದನೆಯ ರಾತ್ರಿ ಮುದಿ ಕುದುರೆ ಹೇಳಿದ ಮಾತು ಕೇಳದೆ ಬೇರೆ ದಿಕ್ಕಿಗೆ ಎಳೆದುಕೊಂಡು ಹೋಗಿ ಹಸಿರು ಹುಲ್ಲಿನ, ಸಿಹಿನೀರಿನ ಕೊಳದ ಬಳಿ ನಿಲ್ಲಿಸಿತು. ಹದಿನೈದು ಸಲ ಓಡಾಡಿದ ಅನುಭವದ ಬೆಲೆ ಅಷ್ಟು.

ಅಪಾಯದ ಮಟ್ಟ: ಮಧ್ಯಮ. ಮರುಭೂಮಿ ನಿಮ್ಮನ್ನು ಕೊಲ್ಲಬಹುದು, ಆದರೆ ಇಲ್ಲೇ ಇರಿ ಎನ್ನುವುದಿಲ್ಲ.

ಹಂತ 3: ತುರ್ಫಾನಿನ ದೊರೆ

ಅಪಾಯದ ಮಟ್ಟ: ಅತಿ ಹೆಚ್ಚು. ಮೊದಲೇ ಹೇಳಿಬಿಡುವುದು ಒಳ್ಳೆಯದು.

ದೊರೆ ಚ್ಯು ವೆಂತಾಯ್ ಬುದ್ಧಭಕ್ತ. ನೀವು ಬರುವ ಸುದ್ದಿ ಕೇಳಿ ನಡುರಾತ್ರಿ ದೀಪ ಹಚ್ಚಿಸಿ ಎದುರುಗೊಳ್ಳುತ್ತಾನೆ. ರಾಣಿಯರು ಬಂದು ನಮಸ್ಕರಿಸುತ್ತಾರೆ. ಕೆಲವು ದಿನ ಸುಖವಾಗಿ ಕಳೆಯುತ್ತದೆ. ಆಮೇಲೆ ದೊರೆ, ನೀವು ಇಲ್ಲೇ ರಾಜಗುರುವಾಗಿರಿ, ಬದುಕಿರುವ ತನಕ ನನ್ನ ಪೂಜೆ ಸ್ವೀಕರಿಸಿ ಎನ್ನುತ್ತಾನೆ. ಒಲ್ಲೆ ಎಂದರೆ ಮತ್ತೆ ಕೇಳುತ್ತಾನೆ. ಕೊನೆಗೆ ಭಕ್ತಿ ನೆತ್ತಿಗೇರಿ, ಇಲ್ಲಿರುತ್ತೀರೋ ಇಲ್ಲಾ ಚೀನಾಕ್ಕೆ ಹಿಡಿದು ಕಳಿಸಲೋ ಎಂದು ತೋಳೇರಿಸುತ್ತಾನೆ. ಊಟದ ಹೊತ್ತಿಗೆ ಮಾತ್ರ ತಾನೇ ತಟ್ಟೆ ಹಿಡಿದು ನಿಲ್ಲುತ್ತಾನೆ.

ಪರಿಹಾರ: ಉಣ್ಣಬೇಡಿ. ಮೂರು ದಿನ ಒಂದು ತೊಟ್ಟು ನೀರನ್ನೂ ಮುಟ್ಟದೆ ಕಂಬದಂತೆ ಕೂತಿರಿ. ನಾಲ್ಕನೆಯ ದಿನ ನಿಮ್ಮ ಉಸಿರು ಕ್ಷೀಣವಾದದ್ದು ಕಂಡು ದೊರೆ ಕಾಲಿಗೆ ಬೀಳುತ್ತಾನೆ. ಆಗ ರಾಜಿ ಮಾಡಿಕೊಳ್ಳಿ: ಈಗ ಒಂದು ತಿಂಗಳು ಪ್ರವಚನ, ಹಿಂತಿರುಗುವಾಗ ಮೂರು ವರ್ಷ ವಾಸ.

ಒಮ್ಮೆ ಬಿಟ್ಟುಕೊಟ್ಟ ಮೇಲೆ ಅವನ ಕೈ ಹಿಡಿಯುವವರಿಲ್ಲ. ನೂರು ಔನ್ಸು ಚಿನ್ನ, ಮೂವತ್ತು ಸಾವಿರ ಬೆಳ್ಳಿ ನಾಣ್ಯ, ಐನೂರು ಥಾನು ರೇಷ್ಮೆ, ಮೂವತ್ತು ಕುದುರೆ, ಚಳಿಗೆ ಮುಖಗವಸು, ಕೈಗವಸು, ಬೂಟು, ಜೊತೆಗೆ ಮುಂದಿನ ಇಪ್ಪತ್ತನಾಲ್ಕು ರಾಜ್ಯಗಳ ದೊರೆಗಳಿಗೆ ಇಪ್ಪತ್ತನಾಲ್ಕು ಶಿಫಾರಸು ಪತ್ರ. ಊಟ ಬಿಟ್ಟು ಇಷ್ಟು ವಿದ್ಯಾರ್ಥಿವೇತನ ಗಿಟ್ಟಿಸಿದವರು ಆಮೇಲೆ ಯಾರೂ ಇಲ್ಲ.

ಹಂತ 4: ಹಿಮ, ಆಮೇಲೆ ಖಗಾನ್

ತಿಯೆನ್‌ಶಾನ್ ಪರ್ವತಗಳನ್ನು ದಾಟಲು ಏಳು ದಿನ ಹಿಡಿಯುತ್ತದೆ. ಮಂಜುಗಡ್ಡೆಯ ಮೇಲೇ ಅಡುಗೆ, ಮಂಜುಗಡ್ಡೆಯ ಮೇಲೇ ನಿದ್ದೆ. ಜೊತೆಗೆ ಬಂದ ಹತ್ತು ಜನರಲ್ಲಿ ಮೂರು ನಾಲ್ಕು ಜನ ಹಸಿವಿಗೆ, ಚಳಿಗೆ ಸಾಯುತ್ತಾರೆ. ಈ ಹಂತಕ್ಕೆ ಕೈಪಿಡಿಯಲ್ಲಿ ಸೂಚನೆ ಏನೂ ಇಲ್ಲ.

ಇಳಿದ ಮೇಲೆ ಪಶ್ಚಿಮ ತುರ್ಕರ ದೊರೆ ಖಗಾನನ ಡೇರೆ. ಅವನ ಕಡೆಯವರು ಮಾಂಸ, ಮದ್ಯದಲ್ಲಿ ಮುಳುಗಿದ್ದರೂ ನಿಮಗೆ ಬೇರೆಯೇ ಊಟ: ಅಕ್ಕಿಯ ಕಡುಬು, ಕೆನೆ, ಸಕ್ಕರೆ, ಜೇನು, ದ್ರಾಕ್ಷಿ. ತುರ್ಫಾನಿನ ದೊರೆ ಕಳಿಸಿದ ಕಾಣಿಕೆ ಒಪ್ಪಿಸಿ, ಪತ್ರ ಕೊಡಿ. ಊಟವಾದ ಮೇಲೆ ಖಗಾನ್ ಪ್ರೀತಿಯಿಂದಲೇ ಬುದ್ಧಿ ಹೇಳುತ್ತಾನೆ: ಭಾರತ ಬಹಳ ಸೆಕೆ, ನಿಮ್ಮ ಮೈ ನೋಡಿದರೆ ಅಲ್ಲಿ ಕರಗಿಹೋಗುವಿರಿ, ಹೋಗಬೇಡಿ. ದಳಪತಿಯ ಸಲಹೆಯೇ, ಈ ಸಲ ಹವಾಮಾನ ವರದಿಯ ರೂಪದಲ್ಲಿ. ನಸುನಕ್ಕು ಮುಂದೆ ನಡೆಯಿರಿ. ಸಮರಕಂದ, ಬಲ್ಖ್, ಬಾಮಿಯಾನದ ಮೇಲೆ ಹಾದು ಗಾಂಧಾರ. ಕಾಶ್ಮೀರದಲ್ಲಿ ಎರಡು ವರ್ಷ ನಿಂತು ಓದಿಕೊಂಡು ಹೋಗಿ.

ಬದಲಿ ಮಾರ್ಗ: ಸಮುದ್ರ

ಬೆಟ್ಟ ಹತ್ತಲಾಗದವರು ಇತ್ಸಿಂಗರಂತೆ ಗುವಾಂಗ್‌ಝೌ ಬಂದರಿನಲ್ಲಿ ಪಾರಸಿ ಹಡಗು ಹತ್ತಬಹುದು. ಇಪ್ಪತ್ತು ದಿನದೊಳಗೆ ಸುಮಾತ್ರದ ಶ್ರೀವಿಜಯ. ಅಲ್ಲಿ ಇಳಿದು ಸಂಸ್ಕೃತ ವ್ಯಾಕರಣ ಹಚ್ಚಿ. ಅವರು ಆರು ತಿಂಗಳು ಕಲಿತರು. ನಿಮಗೆ ಒಂದೆರಡು ವರ್ಷ ಇದ್ದುಹೋಗಿ ಎಂದು ಬರೆದಿದ್ದಾರೆ. ಸಾವಿರಕ್ಕೂ ಹೆಚ್ಚು ಭಿಕ್ಷುಗಳಿರುವ ಊರು, ಭಾರತದ ರೀತಿನೀತಿಯೇ ಅಲ್ಲೂ. ವ್ಯಾಕರಣದ ಪಠ್ಯಕ್ರಮ ನೋಡಿ ಎದೆಗುಂದಬೇಡಿ: ಭಾರತದ ಮಕ್ಕಳು ಆರನೆಯ ವಯಸ್ಸಿಗೆ ಅಕ್ಷರಮಾಲೆ ಹಿಡಿದು ಆರು ತಿಂಗಳಲ್ಲಿ ಮುಗಿಸುತ್ತಾರೆ, ಎಂಟಕ್ಕೆ ಪಾಣಿನಿಯ ಸೂತ್ರ ಹಿಡಿದು ಎಂಟು ತಿಂಗಳಲ್ಲಿ ಬಾಯಿಪಾಠ ಮಾಡುತ್ತಾರೆ, ಹದಿನೈದಕ್ಕೆ ವೃತ್ತಿ ಎಂಬ ವ್ಯಾಖ್ಯಾನ ಹಿಡಿದು ಐದು ವರ್ಷ ಗುದ್ದಾಡುತ್ತಾರೆ. ಇತ್ಸಿಂಗ್ ಹಡಗು ಹತ್ತಿದ್ದು ಮೂವತ್ತೇಳನೆಯ ವಯಸ್ಸಿನಲ್ಲಿ.

ದರೋಡೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆ: ದರೋಡೆ ಆಗುತ್ತದೆಯೇ?
ಉತ್ತರ: ಆಗುತ್ತದೆ.

ಪ್ರಶ್ನೆ: ಗಂಗೆಯ ದೋಣಿಯಲ್ಲಿ ಕಳ್ಳರು ಹಿಡಿದು, ನಮ್ಮ ರೂಪ ಚೆನ್ನಾಗಿದೆ, ದುರ್ಗೆಗೆ ಬಲಿ ಕೊಡುತ್ತೇವೆ ಎಂದರೆ?
ಉತ್ತರ: ಸ್ವಲ್ಪ ಸಮಯ ಕೊಡಿ ಎಂದು ಕೇಳಿ, ಮೈತ್ರೇಯನ ಧ್ಯಾನಕ್ಕೆ ಕೂರಿ. ಹ್ಯುಯೆನ್ ತ್ಸಾಂಗ್ ಕೂತಾಗ ಬಿರುಗಾಳಿ ಎದ್ದು ಮರ ಉರುಳಿತು, ಕಳ್ಳರು ಹೆದರಿ ಕದ್ದದ್ದನ್ನೆಲ್ಲ ಹಿಂದಕ್ಕೆ ಕೊಟ್ಟರು ಎಂದು ಅವರ ಶಿಷ್ಯ ಹ್ಯುಯಿಲಿ ಬರೆದಿದ್ದಾನೆ. ಬಿರುಗಾಳಿಯ ಏರ್ಪಾಡು ನಿಮ್ಮ ಜವಾಬ್ದಾರಿ.

ಪ್ರಶ್ನೆ: ಬಟ್ಟೆಯನ್ನೂ ಬಿಚ್ಚಿಕೊಂಡು ಹೋದರೆ?
ಉತ್ತರ: ನಳಂದಾದ ದಾರಿಯಲ್ಲಿ ಕಾಯಿಲೆ ಬಿದ್ದು ಹಿಂದುಳಿದ ಇತ್ಸಿಂಗರಿಗೆ ಹೀಗೇ ಆಯಿತು. ಬಿಳಿಯ ಮೈಯವರನ್ನು ಹಿಡಿದು ಬಲಿ ಕೊಡುತ್ತಾರೆಂಬ ಮಾತು ಅವರ ಕಿವಿಗೆ ಬಿದ್ದಿತ್ತು. ಕೆಸರುಗುಂಡಿಗಿಳಿದು ಮೈತುಂಬ ಕೆಸರು ಬಳಿದುಕೊಂಡರು, ಎಲೆ ಮುಚ್ಚಿಕೊಂಡರು, ಕೋಲೂರಿಕೊಂಡು ಮುಂದೆ ಹೋದರು. ವಿಶ್ವವಿದ್ಯಾಲಯಕ್ಕೆ ಹೋಗುವ ಉಡುಪಿನ ವಿಷಯದಲ್ಲಿ ನಳಂದಾ ಉದಾರ.

ಅಪಾಯದ ಮಟ್ಟ: ಮಧ್ಯಮ. ಕಳ್ಳರು ಇದ್ದದ್ದನ್ನು ಕಿತ್ತುಕೊಳ್ಳುತ್ತಾರೆ, ನಿಮ್ಮನ್ನು ಇಟ್ಟುಕೊಳ್ಳುವುದಿಲ್ಲ.

ಹಂತ 5: ಪ್ರವೇಶ

ನಳಂದಾದ ಬಾಗಿಲು ಕಾಯುವವನು ಬೈಗುಳದಿಂದಲ್ಲ, ಪ್ರಶ್ನೆಯಿಂದ ತಡೆಯುತ್ತಾನೆ. ಬಂದ ಹತ್ತು ಜನರಲ್ಲಿ ಏಳೆಂಟು ಜನ ಉತ್ತರ ಬಾರದೆ ಅಲ್ಲಿಂದಲೇ ತಿರುಗಿಹೋಗುತ್ತಾರೆ. ಒಳಗೆ ಬಂದ ಎರಡು ಮೂರು ಜನರ ಗರ್ವವನ್ನು ಒಳಗಿನವರು ಚರ್ಚೆಯಲ್ಲಿ ಇಳಿಸುತ್ತಾರೆ. ದ್ವಾರಪಾಲಕನಿಗೇ ಸೋತೆನೆಂದು ನಾಚಬೇಡಿ; ಅವನಿಗೆ ಸೋಲದವರು ಅಪರೂಪ.

ಪರೀಕ್ಷೆಯಿಂದ ವಿನಾಯಿತಿ ಬೇಕಿದ್ದರೆ ಮೂರು ವರ್ಷ ಮೊದಲೇ ಮಹಾಸ್ಥವಿರರ ಕನಸಿನಲ್ಲಿ ನಿಮ್ಮ ಪ್ರಸ್ತಾಪ ಬಂದಿರಬೇಕು. ನೂರು ದಾಟಿದ ಆಚಾರ್ಯ ಶೀಲಭದ್ರರು ಸಂಧಿನೋವಿನಿಂದ ನರಳಿ ಪ್ರಾಣಬಿಡಲು ಯೋಚಿಸಿದ್ದಾಗ, ಚೀನಾದ ಭಿಕ್ಷು ಬರುತ್ತಾನೆ, ಅವನಿಗೆ ಕಲಿಸಲು ಉಳಿ ಎಂದು ಕನಸಾಗಿತ್ತಂತೆ. ಹಾಗಾಗಿ ಹ್ಯುಯೆನ್ ತ್ಸಾಂಗರನ್ನು ಇನ್ನೂರು ಭಿಕ್ಷುಗಳು, ಸಾವಿರ ಗೃಹಸ್ಥರು ಕೊಡೆ, ಬಾವುಟ ಹಿಡಿದು ಎದುರುಗೊಂಡರು. ಇವರು ಮೊಣಕಾಲು, ಮೊಣಕೈ ಊರಿ ತೆವಳಿಹೋಗಿ ಗುರುವಿನ ಪಾದಕ್ಕೆ ಹಣೆಯಿಟ್ಟರು. ಮುದುಕರು ಅತ್ತರು.

ಹಂತ 6: ವಾಸ, ಊಟ, ಪಾಠ

ಬೆಳಗ್ಗೆ ಹನ್ನೆರಡು ಬೆರಳು ಉದ್ದದ ಹಲ್ಲುಕಡ್ಡಿ. ಎಂಟು ಬೆರಳಿಗಿಂತ ಚಿಕ್ಕದು ನಡೆಯದು. ಕುಡಿಯುವ ನೀರನ್ನು ಸೋಸಿ, ಸೋಸಿದ ಹುಳುಗಳನ್ನು ಜೀವಂತವಾಗಿ ನೀರಿಗೇ ಬಿಡಿ. ಗಂಟೆ ಬಾರಿಸಿದಾಗ ಸ್ನಾನಕ್ಕೆ ಹೊರಡಿ. ಹತ್ತಕ್ಕೂ ಹೆಚ್ಚು ದೊಡ್ಡ ಕೊಳಗಳಿವೆ, ನೂಕುನುಗ್ಗಲು ಬೇಡ.

ಗೌರವದ ಅತಿಥಿಯಾದರೆ ದಿನಕ್ಕೆ ಇಪ್ಪತ್ತು ಅಡಿಕೆ, ಒಂದಿಷ್ಟು ಕರ್ಪೂರ, ಮಹಾಶಾಲಿ ಅಕ್ಕಿ, ತುಪ್ಪ, ತಿಂಗಳಿಗೆ ಮೂರು ಅಳತೆ ಎಣ್ಣೆ, ಸವಾರಿಗೆ ಆನೆ. ಮಹಾಶಾಲಿ ಅಕ್ಕಿಯ ಕಾಳು ಕಪ್ಪು ಹುರುಳಿಗಿಂತ ದಪ್ಪ, ಅನ್ನ ಮಾಡಿದರೆ ಘಮಘಮ. ಈ ಅನ್ನ ಆಕಾಶದಿಂದ ಬೀಳುವುದಿಲ್ಲ. ದೊರೆ ಬಿಟ್ಟುಕೊಟ್ಟ ನೂರು ಹಳ್ಳಿಗಳ ಒಕ್ಕಲು ಮನೆಗಳಿಂದ ದಿನಾ ಅಕ್ಕಿ, ಹಾಲು, ತುಪ್ಪ ಬಂಡಿಗಟ್ಟಲೆ ಬರುತ್ತದೆ. ಆ ರೈತರಲ್ಲಿ ಒಬ್ಬರಿಗೂ ಯೋಗಾಚಾರ ಗೊತ್ತಿಲ್ಲದಿರಬಹುದು. ಅವರ ಗದ್ದೆಯಿಲ್ಲದೆ ಅದು ನಿಮಗೂ ಗೊತ್ತಾಗುತ್ತಿರಲಿಲ್ಲ. ತುತ್ತು ಎತ್ತುವಾಗ ಲೆಕ್ಕ ನೆನಪಿರಲಿ.

ನೀವು ಹೊತ್ತುತಂದ ಸಂದೇಹವನ್ನು ಈಗ ಹೊರತೆಗೆಯಿರಿ. ಶೀಲಭದ್ರರ ಯೋಗಾಚಾರಭೂಮಿ ಪಾಠ ಒಂದು ಸುತ್ತು ಮುಗಿಯಲು ಹದಿನೈದು ತಿಂಗಳು. ಹ್ಯುಯೆನ್ ತ್ಸಾಂಗ್ ಮೂರು ಸುತ್ತು ಕೇಳಿದರು.

ಹಂತ 7: ಬಿಟ್ಟು ಹೊರಡುವುದು

ಅಪಾಯದ ಮಟ್ಟ: ನಮೂದಿಸಲು ಅಂಕಿ ಸಾಲದು.

ಮೊದಲು ಸಹಪಾಠಿಗಳು ಬರುತ್ತಾರೆ. ಬುದ್ಧ ಹುಟ್ಟಿದ ನೆಲ ಇದು, ಚೀನಾ ಮ್ಲೇಚ್ಛರ ನಾಡು, ಬುದ್ಧರು ಅಲ್ಲಿ ಹುಟ್ಟುವುದೇ ಇಲ್ಲ, ಇಲ್ಲೇ ಇದ್ದುಬಿಡಿ ಎನ್ನುತ್ತಾರೆ. ಸೂರ್ಯ ಲೋಕ ಸುತ್ತುವುದು ಯಾಕೆ ಎಂದು ಕೇಳಿ; ಕತ್ತಲೆ ಕಳೆಯಲು ಎಂದು ಅವರೇ ಉತ್ತರಿಸಿ ಸುಮ್ಮನಾಗುತ್ತಾರೆ. ಆಮೇಲೆ ಕಾಮರೂಪದ ದೊರೆ ಭಾಸ್ಕರವರ್ಮ ನಿಮ್ಮನ್ನು ಕಳಿಸಿಕೊಡಿ ಎಂದು ಹೇಳಿಕಳಿಸುತ್ತಾನೆ, ಕಳಿಸದಿದ್ದರೆ ಆನೆಪಡೆ ತಂದು ನಳಂದಾವನ್ನು ಪುಡಿಮಾಡುತ್ತೇನೆ ಎನ್ನುತ್ತಾನೆ. ಅವನಲ್ಲಿಗೆ ಹೋದರೆ ಹರ್ಷವರ್ಧನನ ಕರೆ. 'ನನ್ನ ತಲೆ ಬೇಕಾದರೆ ಕೊಟ್ಟೇನು, ಭಿಕ್ಷುವನ್ನು ಕೊಡೆ' ಎಂದು ಕಾಮರೂಪದವನು ಉತ್ತರಿಸುತ್ತಾನೆ. 'ಹಾಗಾದರೆ ತಲೆಯನ್ನು ಇವನ ಕೈಲೇ ಕಳಿಸು' ಎಂದು ಹರ್ಷ ದೂತನನ್ನಟ್ಟುತ್ತಾನೆ. ಇಬ್ಬರು ಚಕ್ರವರ್ತಿಗಳು ನಿಮಗಾಗಿ ಜಗಳವಾಡುವಾಗ ಊರಿನ ನೆನಪು ಮಸುಕಾಗುವುದು ಸಹಜ.

ಈ ರೋಗಕ್ಕೆ ಉಪವಾಸದ ಮದ್ದು ಮತ್ತೆ ಹತ್ತದು. ಒಂದೇ ಔಷಧಿ ಇದೆ: ದಿನಾ ಬರೆಯಿರಿ. ಯಾವ ಊರಿಂದ ಯಾವ ಊರಿಗೆ ಎಷ್ಟು ಲೀ, ಯಾವ ದಿಕ್ಕು, ಬೆಳೆ ಏನು, ಜನ ಹೇಗೆ, ದೊರೆ ಯಾರು. ಅನ್ನ ಹಾಕಿದವರನ್ನು ಹೊಗಳಲು ಬರೆಯಬೇಡಿ, ಕಂಡದ್ದನ್ನು ಬರೆಯಿರಿ.

ಹ್ಯುಯೆನ್ ತ್ಸಾಂಗ್ ಹಾಗೆ ಬರೆದದ್ದರಿಂದಲೇ ಕನ್ನಡದ ಓದುಗನಿಗೂ ಅವರ ಋಣವಿದೆ. ದಕ್ಷಿಣಕ್ಕೆ ಸುತ್ತಾಡಿ ಬಂದಾಗ ಅವರು ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡರು: ಜನ ಸ್ವಾಭಿಮಾನಿಗಳು, ಉಪಕಾರ ಮರೆಯರು, ಅವಮಾನ ಸಹಿಸರು, ಯುದ್ಧಕ್ಕೆ ಮುನ್ನ ಆನೆಗಳಿಗೂ ಹೆಂಡ ಕುಡಿಸುತ್ತಾರೆ, ಹರ್ಷ ಎಷ್ಟು ಹೆಣಗಿದರೂ ಈ ನಾಡು ಬಗ್ಗಲಿಲ್ಲ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇದನ್ನೇ ಹಾಡಿದ್ದಾನೆ, ಆದರೆ ಅವನು ಪುಲಕೇಶಿಯ ಆಸ್ಥಾನದವನು. ಹ್ಯುಯೆನ್ ತ್ಸಾಂಗರ ಸಾಕ್ಷಿ ಹರ್ಷನ ಪಂಕ್ತಿಯಲ್ಲಿ ಉಂಡವರದು. ಹರ್ಷನ ಆದರ ಅವರ ಲೇಖನಿಯನ್ನು ಕಟ್ಟಿಹಾಕಲಿಲ್ಲ.

ಸಾಗಣೆಯಲ್ಲಿ ನಷ್ಟವಾದರೆ

ಸಿಂಧೂ ನದಿ ದಾಟುವಾಗ ದೋಣಿ ಹೊಯ್ದಾಡಿ ಐವತ್ತು ಕಟ್ಟು ಗ್ರಂಥಗಳು, ಅಪರೂಪದ ಹೂವಿನ ಬೀಜಗಳು ನೀರುಪಾಲಾಗುತ್ತವೆ. ಬೀಜ ಇಟ್ಟುಕೊಂಡಿರಾ ಎಂದು ಕಪಿಶದ ದೊರೆ ಕೇಳುತ್ತಾನೆ; ಈ ಹೊಳೆ ಅದನ್ನು ದಾಟಗೊಡುವುದಿಲ್ಲವಂತೆ. ದಡದಲ್ಲೇ ಐವತ್ತು ದಿನ ಕೂತು ಕಳೆದದ್ದರಲ್ಲಿ ಸಾಧ್ಯವಾದಷ್ಟನ್ನು ಪ್ರತಿಮಾಡಿಸಿಕೊಳ್ಳಿ. ಉಳಿದದ್ದರ ಪಟ್ಟಿ ಇಟ್ಟುಕೊಂಡು, ಹತ್ತು ವರ್ಷದ ಮೇಲಾದರೂ ಭಾರತದ ಗೆಳೆಯರಿಗೆ ಕಾಗದ ಬರೆದು ಕೇಳಿ. ಹ್ಯುಯೆನ್ ತ್ಸಾಂಗ್ 654ರಲ್ಲಿ ಕೇಳಿದರು. ಆನೆಯೂ ದಾರಿಯಲ್ಲಿ ಮುಳುಗುತ್ತದೆ. ಆನೆಗೆ ಪಟ್ಟಿ ಬೇಡ.

ಕಾಗದ, ಮಸಿ ಧಾರಾಳ ಒಯ್ಯಿರಿ. ಇತ್ಸಿಂಗ್ ಹಿಂತಿರುಗುವಾಗ ಶ್ರೀವಿಜಯದಲ್ಲಿ ಅದು ಮುಗಿದು, ಕಳಿಸಿಕೊಡಿ ಎಂದು ಪತ್ರ ಕೊಡಲು ಹಡಗು ಹತ್ತಿದರು. ಅಷ್ಟರಲ್ಲಿ ಒಳ್ಳೆಯ ಗಾಳಿ ಬೀಸಿ ನಾವಿಕರು ಹಾಯಿ ಬಿಚ್ಚಿದರು. ಗ್ರಂಥಗಳೆಲ್ಲ ದಡದಲ್ಲಿ, ತಾವು 689ರಲ್ಲಿ ಗುವಾಂಗ್‌ಝೌದಲ್ಲಿ! ಅದೇ ವರ್ಷ ಮತ್ತೆ ಹಡಗು ಹತ್ತಿ ಹೋದರು.

ಹಂತ 8: ಬಂದಮೇಲೆ

645ರಲ್ಲಿ ಹ್ಯುಯೆನ್ ತ್ಸಾಂಗ್ ಇಪ್ಪತ್ತು ಕುದುರೆಗಳ ಮೇಲೆ 657 ಗ್ರಂಥ ಹೇರಿಕೊಂಡು ಬಂದಾಗ ರಾಜಧಾನಿಯ ಬೀದಿ ಜನರಿಂದ ಕಿಕ್ಕಿರಿದಿತ್ತು. ಹೇಳದೆ ಯಾಕೆ ಹೋದಿರಿ ಎಂದು ಚಕ್ರವರ್ತಿ ಕೇಳುತ್ತಾನೆ. ಹಂತ 1ರ ಅರ್ಜಿ ಈಗ ನೆನಪಿಸಿ. ಮಂತ್ರಿಯಾಗಿ ಎಂದರೆ ಒಲ್ಲೆನೆನ್ನಿ, ತುರ್ಫಾನಿನಲ್ಲಿ ಅಭ್ಯಾಸವಾಗಿದೆ. ಶಾಸ್ತ್ರಕ್ಕಿಂತ ಅವನಿಗೆ ನೀವು ಕಂಡ ದೇಶಗಳ ವಿವರದಲ್ಲೇ ಆಸಕ್ತಿ. ಅದನ್ನು ಬರೆದು ಒಪ್ಪಿಸಿ, ಅನುವಾದಕ್ಕೆ ಜನ ಕೊಡಿಸಿಕೊಳ್ಳಿ. ಟಿಪ್ಪಣಿಯಿಂದಾದ ಪುಸ್ತಕ 646ಕ್ಕೆ ಮುಗಿಯುತ್ತದೆ, ಅನುವಾದ ನೀವು ಸಾಯುವ ತನಕ ನಡೆಯುತ್ತದೆ.

ದೂರ, ದಿಕ್ಕುಗಳ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಮುಂದೊಂದು ದಿನ ನಳಂದಾ ಹಾಳಾಗಿ ಮಣ್ಣಿನ ದಿಬ್ಬವಾಗುತ್ತದೆ, ಹೆಸರೂ ಮರೆತುಹೋಗುತ್ತದೆ. 1800ರಲ್ಲಿ ಮೈಸೂರು ಸೀಮೆಯನ್ನೆಲ್ಲ ಅಳೆದು ಬರೆದ ಬುಕಾನನ್ ಸಾಹೇಬ 1811-12ರ ಬಿಹಾರ ಸಮೀಕ್ಷೆಯಲ್ಲಿ ಬಡಗಾಂವ್ ಎಂಬ ಹಳ್ಳಿಯ ದಿಬ್ಬಗಳನ್ನು ನೋಡುತ್ತಾನೆ. ಇದೇ ನಳಂದಾ ಎಂದು ಅವನಿಗೂ ಹೊಳೆಯುವುದಿಲ್ಲ. ಅರ್ಧ ಶತಮಾನದ ಮೇಲೆ ಪುರಾತತ್ವಜ್ಞ ಕನಿಂಗ್‌ಹ್ಯಾಮ್ ನಿಮ್ಮ ಹಿರಿಯ ವಿದ್ಯಾರ್ಥಿಯ ಪುಸ್ತಕದ ಅನುವಾದ ಕೈಯಲ್ಲಿ ಹಿಡಿದು, ಅದರ ದೂರ, ದಿಕ್ಕುಗಳನ್ನು ಎಣಿಸಿಕೊಂಡು ಬಂದು ಅದೇ ದಿಬ್ಬಗಳ ಮುಂದೆ ನಿಂತು ಹೆಸರು ಹೇಳುತ್ತಾನೆ.

ಆದ್ದರಿಂದ ಇಲ್ಲೇ ಇರಿ ಎಂದು ಕೇಳಿದವರಿಗೆಲ್ಲ ಇಲ್ಲವೆಂದು ಬಂದೆನಲ್ಲಾ ಎಂದು ಕೊರಗಬೇಡಿ. ಉಳಿದುಕೊಂಡಿದ್ದರೆ ನೀವೂ ಆ ದಿಬ್ಬದಡಿ ಸೇರುತ್ತಿದ್ದಿರಿ. ಉಂಡ ಅನ್ನದ ಋಣ ತೀರಿಸಲು ಲೀ ಲೆಕ್ಕವನ್ನು ಸರಿಯಾಗಿ ಬರೆಯಿರಿ. ಗುರುಕುಲ ತನ್ನ ವಿಳಾಸ ಕಳೆದುಕೊಂಡಾಗ ಕೇಳುವುದು ಬಿಟ್ಟುಹೋದ ವಿದ್ಯಾರ್ಥಿಯನ್ನೇ.